ಇಂಗ್ಲಿಷ್ ಪೀರಿಯಡ್‌ನಲ್ಲಿ ಮಾತಾಡಿಸ್ತಾ ಗ್ರಾಮರ್ ಹೇಳ್ಕೊಡೋದು ಹೆಂಗೆ? ಮೈಸೂರು, ಮಂಡ್ಯ ಕಡೆ ಮೇಷ್ಟ್ರುಗಳು, ಮಿಸ್‌ಗಳು ಸ್ವಲ್ಪ ಹೇಳಿ

ಪಾಂಡವಪುರ ಮೇಷ್ಟ್ರು:
ಎಲ್ರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಲ್ಲಿ ಎಂಟು, ಒಂಬತ್ತು, ಹತ್ತಕ್ಕೆ ಇಂಗ್ಲಿಷ್ ತಗೋತೀನಿ, ಕನ್ನಡ ಮಾಧ್ಯಮದ ಮಕ್ಳು, ಇಂಗ್ಲಿಷ್ ಸೆಕೆಂಡ್ ಲ್ಯಾಂಗ್ವೇಜು. ಟ್ರೇನಿಂಗ್‌ಗೆ ಹೋದಾಗೆಲ್ಲ ಒಂದೇ ಮಾತು, ರೂಲ್ ಹೇಳ್ಬೇಡಿ, ಬಾಯಿ ಬಿಡ್ಸಿ, ತಪ್ಪಾದ್ರೂ ಮಾತಾಡ್ಲಿ, ಗ್ರಾಮರ್ ತಾನಾಗೇ ಬರುತ್ತೆ ಅಂತ. ಸರಿ ಅಂತ ಹಂಗೇ ಮಾಡ್ತಾ ಬಂದೆ, ರೋಲ್ ಪ್ಲೇ, ಪೇರ್ ವರ್ಕು, ಚಿತ್ರ ತೋರ್ಸಿ ಕಥೆ ಕಟ್ಸೋದು ಎಲ್ಲಾ. ಹೆದ್ರಿಕೆ ಹೋಗಿದೆ, ಅದು ನಿಜ. ಬೆಂಚ್ ಕೆಳಗೆ ಪೆನ್ ಹುಡುಕ್ತಾ ಇದ್ದೋರೂ ಈಗ ಎದ್ದು ನಿಂತು ಏನೋ ಒಂದು ಹೇಳ್ತಾರೆ. ಆದ್ರೆ ತಾನಾಗೇ ಬರುತ್ತೆ ಅಂದಿದ್ದು ಮಾತ್ರ ಬರ್ತಾ ಇಲ್ಲ. ಎಂಟನೇ ಕ್ಲಾಸಲ್ಲಿ ‘ಯೆಸ್ಟರ್‌ಡೇ ಐ ಗೋ ಟು ಮೈಸೂರ್’ ಅಂದೋನು ಹತ್ತನೇ ಕ್ಲಾಸಲ್ಲೂ ಅದನ್ನೇ ಅಂತಾನೆ, ಈಗ ಧೈರ್ಯವಾಗಿ, ಜೋರಾಗಿ ಅಂತಾನೆ ಅಷ್ಟೇ.

ನನ್ನ ಪ್ರಶ್ನೆ ಇದು. ಗ್ರಾಮರ್‌ಗೆ ಅಂತ ಬೇರೆ ಪೀರಿಯಡ್ ಇಡೋದಾ, ಮಾತಿನ ನಡುವೆ ತರೋದಾ? ತಂದ್ರೆ ಯಾವಾಗ, ಎಷ್ಟು? ರೂಲನ್ನ ಕನ್ನಡದಲ್ಲಿ ಹೇಳಿದ್ರೆ ತಪ್ಪಾ? ಸಿದ್ಧಾಂತ ಬೇಡ, ನೀವು ಕ್ಲಾಸಲ್ಲಿ ಏನು ಮಾಡ್ತೀರ ಅದನ್ನ ಹೇಳಿ.

ಕುವೆಂಪುನಗರ ಟ್ಯೂಷನ್:
ಮೇಷ್ಟ್ರೇ ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಎಸ್ಸೆಸ್ಸೆಲ್ಸಿ ಸೆಕೆಂಡ್ ಲ್ಯಾಂಗ್ವೇಜ್ ಇಂಗ್ಲಿಷ್‌ಗೆ 80 ಅಂಕ ಬರಿಯೋ ಪರೀಕ್ಷೆ, 20 ಇಂಟರ್ನಲ್. ಆ 80ರಲ್ಲಿ ಬಾಯ್ಬಿಟ್ಟು ಮಾತಾಡಿದ್ದಕ್ಕೆ ಒಂದ್ ಅಂಕ ಇದ್ಯಾ ತೋರ್ಸಿ. ವಾಯ್ಸ್ ಕೇಳ್ತಾರೆ, ರಿಪೋರ್ಟೆಡ್ ಸ್ಪೀಚ್ ಕೇಳ್ತಾರೆ, ಕ್ವೆಶ್ಚನ್ ಟ್ಯಾಗ್ ಕೇಳ್ತಾರೆ, ಇಫ್ ಕ್ಲಾಝ್ (if clause) ಕೇಳ್ತಾರೆ. ನೀವು ರೋಲ್ ಪ್ಲೇ ಮಾಡಿಸ್ತಾ ಕೂತ್ರೆ ಆ ಮಗು ಮಾರ್ಚ್‌ನಲ್ಲಿ ಏನ್ ಬರೀಬೇಕು? ನನ್ನ ಹತ್ರ ಬರೋರಲ್ಲಿ ಅರ್ಧ ಜನ ಇಂಗ್ಲಿಷ್ ಮೀಡಿಯಮ್ಮಿನವ್ರೇ, ಪಟಪಟ ಅಂತ ಮಾತಾಡ್ತಾರೆ, ಒಂದು ರಜಾ ಅರ್ಜಿ ಬರಿ ಅಂದ್ರೆ ಮೂರು ಸಾಲಲ್ಲಿ ಮೂರು ಟೆನ್ಸು. ಟೆನ್ಸ್ ಟೇಬಲ್ ಗೋಡೆಗೆ ಅಂಟ್ಸಿ, ದಿನಾ ಹತ್ತು ವಾಕ್ಯ ಬದಲಾಯ್ಸೋಕೆ ಕೊಡಿ, ಕೈ ಪಳಗ್ಲಿ. ನಾವೆಲ್ಲ ಹಂಗೇ ಕಲ್ತಿದ್ದು, ಕೆಟ್ಟೋದ್ವಾ?

ಮದ್ದೂರು ವಡೆ:
ಸಾ, ನಾನು ಮೇಷ್ಟ್ರಲ್ಲ, ಕಬ್ಬು ಬೆಳಿಯೋನು, ಮಕ್ಳು ಓದ್ತಾವೆ ಅಂತ ಈ ಕಡೆ ಬಂದು ಓದ್ತಿರ್ತೀನಿ. ಟ್ಯೂಷನ್ ಸಾರ್ ಕೇಳಿದ್ರಲ್ಲ ಕೆಟ್ಟೋದ್ವಾ ಅಂತ, ನನ್ ಮಗ್ಳು ವಿಚಾರ ಹೇಳ್ತೀನಿ ಕೇಳಿ. ಗ್ರಾಮರ್ ಅರೆದು ಕುಡ್ಸಿದ್ರು, ಇಂಗ್ಲಿಷ್‌ನಲ್ಲಿ ಒಳ್ಳೆ ನಂಬರ್ ತಗಂಡ್ಳು, ಡಿಗ್ರೀನೂ ಆಯ್ತು. ಬೆಂಗ್ಳೂರಲ್ಲಿ ಇಂಟರ್‌ವ್ಯೂಗೆ ಹೋದ್ರೆ ನಿನ್ ಬಗ್ಗೆ ಹೇಳಮ್ಮ ಅಂದವ್ರೆ, ಬಾಯೇ ಬರ್ನಿಲ್ಲ ಅಂತ ವಾಪಸ್ ಬಂದ್ಳು. ಆಕ್ಟಿವ್ ವಾಯ್ಸ್ ಪ್ಯಾಸಿವ್ ವಾಯ್ಸ್ ಎರಡೂ ಗೊತ್ತು, ಸ್ವಂತ ವಾಯ್ಸೇ ಇಲ್ಲ ಅಂಗಾಗದೆ. ಮಗ ಇಂಗ್ಲಿಷ್ ಮೀಡಿಯಮ್ಮು, ಅವನ್ ಮಾತ್ ಕೇಳಿದ್ರೆ ಲಂಡನ್ನು, ಬರ್ದಿದ್ ನೋಡಿದ್ರೆ ಯಾವೂರೂ ಅಲ್ಲ. ಇಬ್ಬುರ್ನೂ ಸೇರ್ಸಿ ಒಬ್ರು ಮಾಡಕ್ಕಾದ್ರೆ ಅದೇ ಸರಿಯಾದ್ ಇಂಗ್ಲಿಷು.

ಗಂಗೋತ್ರಿ ಹುಡುಗ:
ಮದ್ದೂರಣ್ಣ ಸಕ್ಕತ್ 😄

ನಾನು ಇಲ್ಲಿ ಭಾಷಾಶಾಸ್ತ್ರ ಎಂಎ ಮಾಡ್ತಿದೀನಿ. ಮೇಷ್ಟ್ರು ಸಿದ್ಧಾಂತ ಬೇಡ ಅಂದಿದಾರೆ, ಆದ್ರೂ ‘ತಾನಾಗೇ ಬರುತ್ತೆ’ ಅನ್ನೋದು ಎಲ್ಲಿಂದ ಬಂತು ಅಂತ ಹೇಳ್ಲೇಬೇಕು, ಯಾಕಂದ್ರೆ ಅದ್ರಲ್ಲಿ ಒಂದ್ ಭಾಗ ನಮ್ಮ ಪಕ್ಕದಲ್ಲೇ ಹುಟ್ಟಿದ್ದು. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವ್ರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ, ಬೆಂಗಳೂರು, ಮದ್ರಾಸು, ಕಡಲೂರು ಕಡೆ, ಒಂದು ಪ್ರಯೋಗ ನಡೆಸಿದ್ರು. ಪ್ರಪಂಚದಲ್ಲೆಲ್ಲ ಅದನ್ನ ಬೆಂಗಳೂರು ಪ್ರಾಜೆಕ್ಟ್ ಅಂತಾನೇ ಕರೀತಾರೆ. ಗ್ರಾಮರ್ ಸಿಲಬಸ್ಸೇ ಇರ್ಲಿಲ್ಲ. ರೈಲ್ವೆ ಟೈಮ್‌ಟೇಬಲ್ ಕೊಟ್ಟು ಈ ಊರಿಗೆ ಇಷ್ಟೊತ್ತಿಗೆ ಹೋಗ್ಬೇಕು, ಯಾವ ರೈಲು ಹಿಡೀಬೇಕು ಅಂತ ಲೆಕ್ಕ ಹಾಕ್ಸೋದು, ಮ್ಯಾಪ್ ಕೊಟ್ಟು ದಾರಿ ಹೇಳ್ಸೋದು, ಇಂಥ ಕೆಲಸಗಳು, ಟಾಸ್ಕ್ ಅಂತಾರೆ. ಮನಸ್ಸು ಅರ್ಥದ ಮೇಲಿದ್ದಾಗ್ಲೇ ರೂಪ, ಅಂದ್ರೆ ಗ್ರಾಮರ್, ಒಳಗಿಳಿಯುತ್ತೆ ಅನ್ನೋದು ಅವರ ವಾದ.

ಆದ್ರೆ ಟ್ರೇನಿಂಗ್‌ಗಳಲ್ಲಿ ಮರೆಯೋ ವಿಷ್ಯ ಒಂದಿದೆ. ಪ್ರಭು ಅವ್ರು ಮಕ್ಳನ್ನ ಗುಂಪು ಮಾಡಿ ನೀವ್ ನೀವೇ ಮಾತಾಡ್ಕೊಳಿ ಅಂತ ಬಿಟ್ಟೋರಲ್ಲ. ಮೊದ್ಲು ಮೇಷ್ಟ್ರು ಇಡೀ ಕ್ಲಾಸ್ ಜೊತೆ ಅದೇ ಥರದ್ದೊಂದು ಲೆಕ್ಕ ಮಾಡ್ತಾರೆ, ಆಮೇಲೆ ಮಕ್ಳು ಒಬ್ಬೊಬ್ರೇ ಮಾಡ್ತಾರೆ. ಗುಂಪಲ್ಲಿ ಬಿಟ್ರೆ ಒಬ್ರ ಅರೆಬರೆ ಇಂಗ್ಲಿಷು ಇನ್ನೊಬ್ರಿಗೆ ಅಂಟ್ಕೊಳುತ್ತೆ ಅನ್ನೋ ಅಳುಕು ಅವ್ರಿಗಿತ್ತು. ಅಂದ್ರೆ ಆ ಕ್ಲಾಸಲ್ಲಿ ಮಕ್ಳು ಜಾಸ್ತಿ ಕೇಳ್ತಾ ಇದ್ದಿದ್ದು ಮೇಷ್ಟ್ರ ಸರಿಯಾದ ಇಂಗ್ಲಿಷು. ನಮ್ಮಲ್ಲಿ ಪೇರ್ ವರ್ಕ್ ಅಂದ್ರೆ ಇಬ್ರು ಸೇರಿ ಕನ್ನಡದಲ್ಲಿ ಮಾತಾಡಿ ಕೊನೇಗೆ ಒಂದು ಇಂಗ್ಲಿಷ್ ವಾಕ್ಯ ಒಪ್ಪಿಸೋದು.

ಆಮೇಲೆ ಬೆರೆಟ್ಟಾ, ಡೇವಿಸ್ ಅನ್ನೋ ಇಬ್ರು ಆ ಮಕ್ಳನ್ನೂ ಮಾಮೂಲಿ ಥರ ರೂಲ್ ಕಲ್ತ ಮಕ್ಳನ್ನೂ ಟೆಸ್ಟ್ ಮಾಡಿ 1985ರಲ್ಲಿ ಬರೆದ್ರು. ರೂಲ್ ಕಲ್ತೋರು ರೂಲ್ ಟೆಸ್ಟಲ್ಲಿ ಮುಂದೆ, ಟಾಸ್ಕ್ ಮಾಡಿದೋರು ಟಾಸ್ಕ್ ಟೆಸ್ಟಲ್ಲಿ ಮುಂದೆ. ಎರಡೂ ಕಡೆಗೆ ವಾಲದ ಟೆಸ್ಟುಗಳಲ್ಲಿ ಟಾಸ್ಕ್‌ನೋರ ಕಡೆ ಸ್ವಲ್ಪ ತೂಕ ಇತ್ತು, ಪೂರ್ತಿ ಗೆಲುವೇನಲ್ಲ. ಟ್ಯೂಷನ್ ಸರ್ ಹೇಳೋದೂ ಮದ್ದೂರಣ್ಣನ ಮನೆ ಕಥೇನೂ ಇದ್ರಲ್ಲೇ ಕೂತಿದೆ ನೋಡಿ, ಯಾವುದನ್ನ ಮಾಡಿಸ್ತೀವೋ ಅದು ಬರುತ್ತೆ, ಮಾಡಿಸದೇ ಇರೋದು ಬರಲ್ಲ.

ಕುವೆಂಪುನಗರ ಟ್ಯೂಷನ್:
ಅದನ್ನೇ ಅಲ್ವೇನಪ್ಪ ನಾನೂ ಹೇಳ್ತಿರೋದು. ಪರೀಕ್ಷೆ ಕೇಳೋದನ್ನ ಮಾಡ್ಸಿ.

ನಂಜನಗೂಡು ನಿವೃತ್ತ ಟೀಚರ್:
ನಾನು ಬಿ.ಎಡ್ ಮಾಡಿದ್ದು ಸ್ಟ್ರಕ್ಚರಲ್ ಅಪ್ರೋಚ್ ಕಾಲ. ಸಬ್‌ಸ್ಟಿಟ್ಯೂಷನ್ ಟೇಬಲ್ ಬೋರ್ಡ್ ಮೇಲೆ ಬರ್ದು ‘ದಿಸ್ ಈಸ್ ಎ ಪೆನ್, ದಟ್ ಈಸ್ ಎ ಬುಕ್’ ಅಂತ ಇಡೀ ಕ್ಲಾಸು ಒಟ್ಗೆ ಕೂಗ್ತಿತ್ತು, ಪಕ್ಕದ ರೂಮಿನ ಗಣಿತದ ಮೇಷ್ಟ್ರು ಬಂದು ಬಾಗ್ಲು ಹಾಕ್ಕೊಂಡ್ ಹೋಗ್ತಿದ್ರು. ಅದಾದ್ಮೇಲೆ ಕಮ್ಯುನಿಕೇಟಿವ್ ಅಂತ, ಮಾತಾಡಿಸ್ತಾ ಕಲಿಸೋ ಪದ್ಧತಿ ಬಂತು, ಹಳೇದೆಲ್ಲ ಕಸ ಅಂದ್ರು. ಹಂಗ್ ಅಂದೋರು ಮೂಲ ಸರಿಯಾಗಿ ಓದಿರ್ಲಿಲ್ಲ ಅಂತ ನನ್ನ ಅಭಿಪ್ರಾಯ. ಡೆಲ್ ಹೈಮ್ಸ್ ಅನ್ನೋ ಅಮೆರಿಕದ ಭಾಷಾಶಾಸ್ತ್ರಜ್ಞರು, ಭಾಷೆ ಗೊತ್ತಿರೋದು ಅಂದ್ರೆ ಬರೀ ವಾಕ್ಯ ಸರಿ ಇರೋದಲ್ಲ, ಎಲ್ಲಿ ಯಾರ ಹತ್ರ ಏನು ಹೇಳ್ಬೇಕು ಅನ್ನೋದೂ ಗೊತ್ತಿರೋದು ಅಂತ ಅಂದಿದ್ದು, ವಾಕ್ಯ ಸರಿ ಇರೋದು ಬೇಡ ಅಂತ ಅಲ್ಲ. 1980ರಲ್ಲಿ ಕನಾಲೆ, ಸ್ವೈನ್ ಅನ್ನೋ ಇಬ್ರು ಸಂಶೋಧಕರು ಆ ಸಾಮರ್ಥ್ಯವನ್ನ ಬಿಡಿಸಿ ಹೇಳುವಾಗ ಮೊದಲನೇದಾಗಿ ಇಟ್ಟಿದ್ದೇ ವ್ಯಾಕರಣದ ಸಾಮರ್ಥ್ಯ. ಕಮ್ಯುನಿಕೇಟಿವ್ ಅಂದ್ರೆ ಗ್ರಾಮರ್ ಬೇಡ ಅನ್ನೋದು ನಮ್ಮ ಕಡೆ ಟ್ರೇನಿಂಗಿಂದ ಟ್ರೇನಿಂಗಿಗೆ ದಾಟ್ತಾ ದಾಟ್ತಾ ಹುಟ್ಕೊಂಡಿದ್ದು.

ಅದೇ ಮೆರಿಲ್ ಸ್ವೈನ್ ಕೆನಡಾದ ಇಮ್ಮರ್ಷನ್ ಶಾಲೆಗಳನ್ನ ನೋಡಿದ್ರು. ಇಂಗ್ಲಿಷ್ ಮನೆಮಾತಿನ ಮಕ್ಳಿಗೆ ಪಾಠವೆಲ್ಲ ಫ್ರೆಂಚ್‌ನಲ್ಲಿ, 1960ರ ದಶಕದಲ್ಲಿ ಶುರುವಾಗಿದ್ದು. ವರ್ಷಗಟ್ಲೆ ದಿನಾ ಫ್ರೆಂಚ್ ಕೇಳಿದ ಮಕ್ಳು ಅರ್ಥ ಮಾಡ್ಕೊಳೋದ್ರಲ್ಲಿ ಫ್ರೆಂಚ್ ಮಕ್ಳ ಹತ್ತಿರ ಹತ್ತಿರ ಬಂದ್ರು, ಮಾತಾಡೋಕೆ ಬರಿಯೋಕೆ ಕೂತಾಗ ಮಾತ್ರ ವ್ಯಾಕರಣದ ತಪ್ಪು ಹಂಗೇ ಉಳ್ಕೊಂಡಿತ್ತು. ಶಾಲೆ ಪೂರ್ತಿ ಆ ಭಾಷೆ ಕೇಳಿದೋರಿಗೇ ತಾನಾಗಿ ಬರ್ಲಿಲ್ಲ ಅಂದ್ರೆ ದಿನಕ್ಕೊಂದು ಪೀರಿಯಡ್ ಕೇಳೋ ಪಾಂಡವಪುರದ ಮಕ್ಳಿಗೆ ಎಲ್ಲಿಂದ ಬರ್ಬೇಕು.

ಎಚ್.ಡಿ. ಕೋಟೆ ಪ್ರೈಮರಿ:
ಟೀಚರ್ ಹೇಳಿದ್ದು ಹೈಸ್ಕೂಲ್‌ಗೆ ಸರಿ, ದಯವಿಟ್ಟು ಇದನ್ನ ಒಂದನೇ ಕ್ಲಾಸಿಗೆ ತರ್ಬೇಡಿ. ಮುಂಚೆ ಐದನೇ ಕ್ಲಾಸಿಂದ ಇದ್ದ ಇಂಗ್ಲಿಷು 2007ರಲ್ಲಿ ಒಂದನೇ ಕ್ಲಾಸಿಗೇ ಬಂತು, ನಮ್ಮಲ್ಲಿ ಕೆಲವ್ರು ಆ ಪುಟ್ಟ ಮಕ್ಳಿಗೂ ನೌನ್ ಅಂದ್ರೆ ಏನು ಅಂತ ಬಾಯಿಪಾಠ ಮಾಡ್ಸೋಕೆ ಶುರು ಮಾಡ್ಕೊಂಡ್ರು. ಹಾಡು, ಆಟ, ‘ಓಪನ್ ದ ಡೋರ್’ ಅಂದ್ರೆ ಎದ್ದು ಬಾಗ್ಲು ತೆಗಿಯೋದು, ಅಷ್ಟು ಸಾಕು. ಇನ್ನೊಂದು, ನಲಿ ಕಲಿ ಶುರುವಾಗಿದ್ದೇ ನಮ್ಮ ಎಚ್.ಡಿ. ಕೋಟೇಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಹೊರಗಿನೋರು ಅದನ್ನ ಬರೀ ಆಟ ಅನ್ಕೊಂಡಿದಾರೆ. ಕಲಿಕಾ ಏಣಿ ನೋಡಿ ಗೊತ್ತಾಗುತ್ತೆ, ಯಾವ ಕಾರ್ಡ್ ಆದ್ಮೇಲೆ ಯಾವ ಕಾರ್ಡ್ ಅನ್ನೋದು ಮೆಟ್ಲು ಮೆಟ್ಲಾಗಿ ಇದೆ. ಮಗುಗೆ ಆಟ, ಟೀಚರ್‌ಗೆ ಅದು ಲೆಕ್ಕಾಚಾರ. ಹೈಸ್ಕೂಲಿನ ಸ್ಪೋಕನ್ ಇಂಗ್ಲಿಷ್ ಚಟುವಟಿಕೆಗಳಲ್ಲಿ ಆ ಲೆಕ್ಕಾಚಾರವೇ ಕಾಣಲ್ಲ, ಇವತ್ತು ಡಾಕ್ಟರ್ ಪೇಷಂಟು, ನಾಳೆ ಅಂಗಡಿ, ನಾಡಿದ್ದು ಇನ್ನೇನೋ.

ಹೆಸ್ರಲ್ಲೇನಿದೆ:
ಇದಕ್ಕೆಲ್ಲ ಮೂಲ ಕನ್ನಡ ಮೀಡಿಯಮ್ಮು. ಎಲ್ಲಾ ಇಂಗ್ಲಿಷ್ ಮೀಡಿಯಂ ಮಾಡಿ ಬಿಸಾಕಿ, ಪ್ರಾಬ್ಲಮ್ ಕ್ಲೋಸ್.

ಗಂಗೋತ್ರಿ ಹುಡುಗ:
ಮದ್ದೂರಣ್ಣನ ಮಗನ ಕಥೆ ಮೇಲೆ ಇದೆ, ಓದ್ಕೊಂಡ್ ಬನ್ನಿ.

ಪಾಂಡವಪುರ ಮೇಷ್ಟ್ರು:
ಮೀಡಿಯಂ ಜಗಳ ಇಲ್ಲಿ ಬೇಡ ಸ್ವಾಮಿ, ಅದಕ್ಕೆ ಊರಲ್ಲಿ ಬೇಕಾದಷ್ಟು ಕಟ್ಟೆ ಇದಾವೆ. ಟೀಚರಮ್ಮ, ಕೋಟೆ ಮೇಡಂ ಇಬ್ರಿಗೂ ಥ್ಯಾಂಕ್ಸ್. ಆದ್ರೆ ನಾಳೆ ಎರಡನೇ ಪೀರಿಯಡ್‌ಗೆ ನಾನೇನ್ ಮಾಡ್ಲಿ ಅನ್ನೋದು ಇನ್ನೂ ಬಂದಿಲ್ಲ. ಉದಾಹರಣೆಗೆ ಪ್ಯಾಸಿವ್ ವಾಯ್ಸ್. ಅದನ್ನ ಮಾತಾಡಿಸ್ತಾ ಹೇಳ್ಕೊಡೋದು ಸಾಧ್ಯಾನಾ?

ಮಳವಳ್ಳಿ ಇಂಗ್ಲಿಷ್ ಮಿಸ್:
ಸಾಧ್ಯ ಸರ್. ನಾನು ಮಾಡೋದು ಹೇಳ್ತೀನಿ, ಉದ್ದ ಆಗುತ್ತೆ ಸಹಿಸ್ಕೊಳಿ.

ಪ್ಯಾಸಿವ್ ವಾಯ್ಸ್ ಅಂತ ಬೋರ್ಡ್ ಮೇಲೆ ಬರಿಯೋದೇ ಇಲ್ಲ. ನಿಮ್ಮೂರ ಆಲೆಮನೇಲಿ ಬೆಲ್ಲ ಹೆಂಗ್ ಮಾಡ್ತಾರೆ, ನಂಗೊತ್ತಿಲ್ಲ, ಹೇಳಿ ಅಂತೀನಿ. ನಮ್ ಮಕ್ಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಅದೇ ಇದ್ರ ಮಜಾ, ಯಾವಾಗ್ಲೂ ಸುಮ್ನಿರೋ ಹಿಂದಿನ ಬೆಂಚೇ ಮೊದ್ಲು ಬಾಯಿ ಬಿಡುತ್ತೆ. ಗಾಣ, ಕಬ್ಬಿನ ಹಾಲು, ಕೊಪ್ಪರಿಗೆ, ಸುಣ್ಣ ಹಾಕೋದು, ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಮೇಲೆ ಬರಿಸೋದು, ಅಚ್ಚಿಗೆ ಹುಯ್ಯೋದು, ಸಿಪ್ಪೆ ಒಣಗ್ಸಿ ಅದನ್ನೇ ಒಲೆಗೆ ಹಾಕೋದು. ಬೇಕಾದ ಕ್ರಿಯಾಪದ ಮಾತ್ರ ನಾನು ಕೊಡ್ತೀನಿ, ಕ್ರಷ್, ಬಾಯ್ಲ್, ಸ್ಕಿಮ್, ಪೋರ್, ಡ್ರೈ. ‘ದೇ ಕ್ರಷ್ ದ ಕೇನ್, ದೇ ಬಾಯ್ಲ್ ದ ಜ್ಯೂಸ್, ದೇ ಪುಟ್ ಲೈಮ್’ ಅಂತ ಬರ್ತಾ ಹೋಗುತ್ತೆ. ತಪ್ಪು ತಿದ್ದಲ್ಲ ಆವಾಗ. ಬೆಲ್ಲ ಆಗೋವರೆಗೂ ಬಿಡ್ತೀನಿ.

ಆಮೇಲೆ ಕೇಳ್ತೀನಿ, ಎಲ್ಲಾ ವಾಕ್ಯದಲ್ಲೂ ದೇ ದೇ ಅಂತೀರಲ್ಲ, ಯಾರದು ದೇ? ಯಾರೋ ಒಬ್ಬ ‘ಯಾರಾದ್ರೆ ಏನ್ ಮಿಸ್, ಆಲೆಮನೆಯೋರು’ ಅಂತಾನೆ. ಅಲ್ಲಿಗೆ ಬಂತು ಪಾಠ! ಯಾರಾದ್ರೆ ಏನು ಅನ್ನೋವಾಗ ಇಂಗ್ಲಿಷ್‌ನೋರು ಮಾಡಿದೋರನ್ನ ಬಿಟ್ಟು ಕಬ್ಬನ್ನೇ ಮುಂದೆ ತಂದು ಕೂರಿಸ್ತಾರೆ ಅಂತ ಹೇಳಿ, ಅವ್ರು ಹೇಳಿದ ವಾಕ್ಯಗಳ ಪಕ್ಕದಲ್ಲೇ ‘ದ ಕೇನ್ ಈಸ್ ಕ್ರಷ್ಡ್, ದ ಜ್ಯೂಸ್ ಈಸ್ ಬಾಯ್ಲ್ಡ್’ ಅಂತ ಬರೀತೀನಿ. ಏನ್ ಬದಲಾಯ್ತು ಅಂತ ಅವ್ರೇ ಹುಡುಕ್ಬೇಕು. ಹುಡುಕ್ತಾರೆ. ನಾವು ಕನ್ನಡದಲ್ಲಿ ‘ಕಬ್ಬು ಅರೀತಾರೆ, ಹಾಲು ಕಾಯಿಸ್ತಾರೆ’ ಅಂತ ಮಾಡೋರ ಹೆಸ್ರು ಬಿಟ್ಟೇ ಮಾತಾಡ್ತೀವಲ್ಲ, ಆ ಜಾಗದಲ್ಲಿ ಇಂಗ್ಲಿಷ್‌ಗೆ ಇದು ಅಂತ ಕನ್ನಡದಲ್ಲೇ ಹೇಳ್ತೀನಿ, ಎರಡು ನಿಮಿಷ. ‘ಕಬ್ಬು ರಾಮನಿಂದ ಅರೆಯಲ್ಪಟ್ಟಿತು’ ಅಂತ ಮಳವಳ್ಳೀಲಿ ಯಾರೂ ಮಾತಾಡಲ್ಲ, ಅದನ್ನ ಹೇಳ್ಕೊಟ್ಟು ಪ್ಯಾಸಿವ್ ಅಂದ್ರೆ ಮಕ್ಳಿಗೆ ಎರಡು ಭಾಷೇಲೂ ಹೊಳೆಯಲ್ಲ.

ಮಾರನೇ ದಿನ ಬೆಲ್ಲದ ಡಬ್ಬಿ ಮೇಲೆ ಅಂಟ್ಸೋಕೆ ಒಂದು ಚೀಟಿ ಬರೀಬೇಕು, ಇದನ್ನ ಹೆಂಗ್ ಮಾಡಿದೀವಿ ಅಂತ, ಪರವೂರಿನೋರು ಓದೋ ಥರ. ಬರಿಯೋವಾಗ ತಿದ್ತೀನಿ, ಆವಾಗ ಕಟ್ಟುನಿಟ್ಟು.

ಕುವೆಂಪುನಗರ ಟ್ಯೂಷನ್:
ಚೆನ್ನಾಗಿದೆ ಮಿಸ್, ಆದ್ರೆ ಬೆಲ್ಲ ಮಾಡ್ತಾ ಎರಡು ದಿನ ಹೋಯ್ತು. ಪೋರ್ಷನ್? ರಿಪೋರ್ಟೆಡ್ ಸ್ಪೀಚ್‌ಗೆ ಯಾವ ಆಲೆಮನೆ?

ಮಳವಳ್ಳಿ ಇಂಗ್ಲಿಷ್ ಮಿಸ್:
ರಿಪೋರ್ಟೆಡ್ ಸ್ಪೀಚ್‌ಗೆ ಆಲೆಮನೆ ಬೇಡ ಸರ್, ಚಾಡಿ ಸಾಕು 😀 ಎಲ್ಲದಕ್ಕೂ ಎರಡು ದಿನ ಕೊಡಲ್ಲ. ಪ್ಯಾಸಿವ್‌ಗೆ ಕೊಡ್ತೀನಿ ಯಾಕಂದ್ರೆ ಸೈನ್ಸಲ್ಲಿ, ಸಮಾಜದಲ್ಲಿ, ಮುಂದೆ ಪಿಯುಸೀಲಿ ಎಲ್ಲಾ ಕಡೆ ಬೇಕು. ಕ್ವೆಶ್ಚನ್ ಟ್ಯಾಗನ್ನ ಪರೀಕ್ಷೆ ಹತ್ರ ಬಂದಾಗ ಡ್ರಿಲ್ ಮಾಡ್ಸಿ ಬಿಡ್ತೀನಿ, ನಿಮ್ಮ ಥರಾನೇ. ಅದಕ್ಕಿಂತ ಜಾಸ್ತಿ ಮರ್ಯಾದೆ ಅದಕ್ಕೆ ಬೇಡ.

ಮದ್ದೂರು ವಡೆ:
ಮಿಸ್ಸು ಹೇಳಿದ್ದು ನಂಗೆ ಸರಿ ಅನ್ನುಸ್ತು. ನಾಟಿ ಮಾಡಿ ಪೈರು ಕಚ್ಕಳಕ್ಕೆ ಮುಂಚೆ ಗದ್ದೆಗೆ ಯೂರಿಯಾ ಚೆಲ್ಲುದ್ರೆ ನೀರಲ್ಲಿ ಹೋಯ್ತದೆ, ಕಚ್ಕಂಡ್ ಮ್ಯಾಲೆ ಹಾಕ್ಲಿಲ್ಲ ಅಂದ್ರೂ ತೆನೆ ಬರಕಿಲ್ಲ. ಹುಡ್ಗ ಏನೋ ಒಂದ್ ಹೇಳಕ್ಕೆ ಒದ್ದಾಡ್ತಾವ್ನೆ ಅನ್ನೋ ಟೈಮ್ಗೆ ಸರಿಯಾಗಿ ರೂಲ್ ಕೊಡ್ಬೇಕು, ಮುಂಚೇನೂ ಅಲ್ಲ, ಮೂರ್ ವರ್ಷ ಬುಟ್ಟೂ ಅಲ್ಲ.

ಗಂಗೋತ್ರಿ ಹುಡುಗ:
ಅಣ್ಣ ನೀವು ಎರಡ್ ಸಾಲಲ್ಲಿ ಹೇಳಿದ್ದಕ್ಕೆ ಮೈಕೆಲ್ ಲಾಂಗ್ ಅನ್ನೋರು 1991ರಲ್ಲಿ ಒಂದು ಹೆಸ್ರು ಕೊಟ್ರು, ‘ಫೋಕಸ್ ಆನ್ ಫಾರ್ಮ್’ ಅಂತ. ಪಾಠ ನಡೆಯೋದು ಅರ್ಥದ ಮೇಲೆ, ತೊಡಕು ಬಂದಾಗ ಸ್ವಲ್ಪ ಹೊತ್ತು ರೂಪದ ಕಡೆ ತಿರುಗೋದು, ಮತ್ತೆ ವಾಪಸ್. ಒಂದರ ಹಿಂದೆ ಒಂದು ಗ್ರಾಮರ್ ಐಟಂ ಸಾಲಾಗಿ ಮುಗ್ಸೋದನ್ನ ಅವರು ಬೇರೆ ಮಾಡಿ, ಅದು ಬೇಡ ಅಂದ್ರು.

ಇನ್ನೊಂದ್ ಪ್ರಶ್ನೆ ಯಾರೂ ಕೇಳ್ತಿಲ್ಲ, ಯಾವ ಗ್ರಾಮರ್? ನನ್ನ ಪ್ರಕಾರ ಕನ್ನಡ ಮಕ್ಳನ್ನ ಎಲ್ಲಿ ಕನ್ನಡವೇ ಹಿಡ್ಕೊಂಡು ಎಳೆಯುತ್ತೋ ಅಲ್ಲಿ ರೂಲ್ ಬೇಕು. ‘ದಿನಾ ಬಸ್ಸಲ್ಲಿ ಬರ್ತೀನಿ’, ‘ನಾಳೆ ಬರ್ತೀನಿ’, ಎರಡಕ್ಕೂ ನಮಗೆ ಒಂದೇ ರೂಪ. ಅದಕ್ಕೇ ‘ಡೈಲಿ ಐ ವಿಲ್ ಕಮ್ ಬೈ ಬಸ್’ ಅಂತಾರೆ, ಅದು ಉಡಾಫೆ ಅಲ್ಲ. ಪ್ರಶ್ನೆ ಕೇಳೋವಾಗ ನಾವು ಕೊನೇಲಿ ಒಂದು ‘ಆ’ ಎಳೆದ್ರೆ ಆಯ್ತು, ಬರ್ತೀಯಾ, ತಿಂದ್ಯಾ. ಪದದ ಸಾಲು ಅಲುಗಾಡಲ್ಲ. ಇಂಗ್ಲಿಷ್‌ನಲ್ಲಿ ಡು, ಡಸ್, ಡಿಡ್ ಅಂತ ಎಲ್ಲಿಂದಲೋ ಒಂದು ಪದ ತಂದು ಮುಂದೆ ನಿಲ್ಲಿಸ್ಬೇಕು. ‘ನಾಳೆ ಬರ್ತೀನಿ ಅಂದ’ ಅಂತ ನಾವು ಆಡಿದ ಮಾತನ್ನ ಹಂಗೇ ಎತ್ತಿಟ್ಟು ಪಕ್ಕದಲ್ಲಿ ಅಂದ ಅಂತೀವಿ, ಇಂಗ್ಲಿಷ್‌ನಲ್ಲಿ ಐ ಹೋಗಿ ಹಿ, ವಿಲ್ ಹೋಗಿ ವುಡ್, ಟುಮಾರೋ ಹೋಗಿ ನೆಕ್ಸ್ಟ್ ಡೇ. ಟ್ಯೂಷನ್ ಸರ್ ಕೇಳಿದ ರಿಪೋರ್ಟೆಡ್ ಸ್ಪೀಚ್ ನಮ್ ಮಕ್ಳಿಗೆ ಕಷ್ಟ ಆಗೋದು ಇದಕ್ಕೇ. ಇಂಥವನ್ನ ಮಕ್ಳು ತಾವಾಗೇ ಗಮನಿಸಲ್ಲ, ಅವ್ರ ಕಿವಿಗೆ ‘ವೇರ್ ಯು ಆರ್ ಗೋಯಿಂಗ್’ ಅಂದ್ರೂ ಸರಿಯಾಗೇ ಕೇಳುತ್ತೆ.

ಇನ್ನೊಂದ್ ಥರದ್ದಿದೆ, ರೂಲ್ ಸುಲಭ, ಬಾಯಿಗೆ ಬರೋದು ತುಂಬಾ ತಡ. ‘ಹಿ ಗೋಸ್’ ಅನ್ನೋದ್ರ ಆ ಎಸ್. ಯಾವ ಭಾಷೆಯಿಂದ ಬಂದೋರಾದ್ರೂ ಇಂಗ್ಲಿಷ್ ಕಲಿಯುವಾಗ ಆ ಎಸ್ ತಡವಾಗೇ ಕೂರುತ್ತೆ ಅಂತ ಪೀನೆಮನ್ ಮುಂತಾದ ಸಂಶೋಧಕರು ತೋರ್ಸಿದಾರೆ, ನಡುವಿನ ಮೆಟ್ಲು ಹಾರಿಸೋಕೂ ಆಗಲ್ಲ ಅನ್ನೋದು ಅವರ ವಾದ. ಬರವಣಿಗೇಲಿ ತಿದ್ದಿ, ಮಾತಿನ ನಡುವೆ ಪ್ರತಿ ಎಸ್‌ಗೂ ತಡೀಬೇಡಿ.

ಹೆಬ್ಬಾಳ ರಿಂಗ್ ರೋಡ್:
ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಫ್ರೆಷರ್ಸ್‌ಗೆ ಕಮ್ಯುನಿಕೇಷನ್ ಟ್ರೇನಿಂಗ್ ಕೊಡ್ತೀನಿ. ಹುಡುಗ ಹೇಳಿದ್ದು ನೂರಕ್ಕೆ ನೂರು. ಎಸ್ ಬಿಟ್ಟೋದ್ರೆ ಕಸ್ಟಮರ್ ಗಮನಿಸೋದೂ ಇಲ್ಲ. ಕೆಲಸ ಕೆಡೋದು ಬೇರೆ ಕಡೆ. ‘ದಿ ಇಶ್ಯೂ ಈಸ್ ಸಾಲ್ವಿಂಗ್’ ಅಂತ ಮೇಲ್ ಹೋಗುತ್ತೆ. ಸಾಲ್ವ್ ಆಗಿದ್ಯಾ, ಆಗ್ತಾ ಇದ್ಯಾ, ಯಾರ್ ಮಾಡ್ತಿದಾರೆ? ಅಲ್ಲಿಂದ ಮೂರು ಮೇಲು ವಾಪಸ್ ಬರುತ್ತೆ. ‘ವಿ ವಿಲ್ ಚೆಕ್ ಡೈಲಿ’ ಅಂದ್ರೆ ಅವ್ರು ಇನ್ಮುಂದೆ ಚೆಕ್ ಮಾಡ್ತಾರೆ, ಇಲ್ಲೀವರ್ಗೆ ಮಾಡ್ತಾ ಇರ್ಲಿಲ್ಲ ಅನ್ಕೋತಾರೆ. ಬರೋ ಹುಡುಗ್ರಲ್ಲಿ ಪ್ಯಾಸಿವ್ ವಾಯ್ಸ್‌ಗೆ ಫುಲ್ ಮಾರ್ಕ್ಸ್ ತಗೊಂಡೋರೇ ಜಾಸ್ತಿ. ಮ್ಯಾಂಗೋನ ರಾಮನ ಕೈಲಿ ತಿನ್ನಿಸೋದು ಗೊತ್ತು, ಇಶ್ಯೂನ ಸಾಲ್ವ್ ಮಾಡ್ಸೋದು ಗೊತ್ತಿಲ್ಲ.

ಕುವೆಂಪುನಗರ ಟ್ಯೂಷನ್:
ಅದು ಹೇಳ್ಕೊಟ್ಟವರ ತಪ್ಪು, ಗ್ರಾಮರ್ ತಪ್ಪಲ್ಲ. ಮತ್ತೆ ನೀವೆಲ್ಲ ಇಷ್ಟೊತ್ತು ಹೇಳಿದ್ರಲ್ಲ, ಆ ಮಿಸ್ ಕ್ಲಾಸಲ್ಲೂ ಕೊನೇಗೆ ಬೋರ್ಡ್ ಮೇಲೆ ರೂಲ್ ಬಂತು ತಾನೇ? ರೂಲ್ ಹೇಳಿದ್ರೇ ಚೆನ್ನಾಗಿ ಕಲೀತಾರೆ ಅಂತ ರಿಸರ್ಚೇ ಇದೆ ಅಂತ ಎಲ್ಲೋ ಓದಿದ ನೆನಪು, ಹುಡುಗ ಹೇಳ್ಲಿ ಇದ್ಯೋ ಇಲ್ವೋ.

ಗಂಗೋತ್ರಿ ಹುಡುಗ:
ಇದೆ ಸರ್. ನಾರಿಸ್, ಒರ್ಟೇಗಾ ಇಬ್ರು 2000ರಲ್ಲಿ 49 ಅಧ್ಯಯನಗಳನ್ನ ಒಟ್ಟಿಗೆ ಅಳೆದು, ರೂಲನ್ನ ಬಾಯ್ಬಿಟ್ಟು ಹೇಳಿಕೊಟ್ರೆ ಹೇಳದೇ ಇದ್ದಿದ್ದಕ್ಕಿಂತ ಫಲ ಜಾಸ್ತಿ ಅಂದ್ರು. ನಿಮಗೇ ಒಂದು ಅಂಕ. ಅದೇ ಕೈಲಿ ಅವ್ರು ಇನ್ನೊಂದನ್ನೂ ಬರ್ದಿದಾರೆ, ಆ ಅಧ್ಯಯನಗಳಲ್ಲಿ ಬಹಳಷ್ಟರ ಟೆಸ್ಟು ಸರಾಗವಾಗಿ ಮಾತಾಡ್ಸಿ ನೋಡಿದ್ದಲ್ಲ, ಯೋಚ್ನೆ ಮಾಡಿ ಉತ್ತರ ಕೊಡೋ ಥರದ್ದು. ಹಂಗಾಗಿ ಮದ್ದೂರಣ್ಣನ ಮಗಳ ಇಂಟರ್‌ವ್ಯೂಗೆ ಅದು ಪೂರ್ತಿ ಉತ್ತರ ಅಲ್ಲ.

ಬಿ.ಎಡ್ ಎರಡನೇ ವರ್ಷ:
ಒಂದು ಡೌಟ್. ನಮಗೆ ಪ್ರಾಕ್ಟೀಸ್ ಟೀಚಿಂಗಲ್ಲಿ ಹೇಳಿದ್ದು, ಮಗು ತಪ್ಪು ಹೇಳಿದ್ರೆ ತಪ್ಪು ಅನ್ಬೇಡಿ, ನೀವೇ ಸರಿ ವಾಕ್ಯ ಹೇಳಿ ಮುಂದೆ ಹೋಗಿ ಅಂತ. ಮಗು ‘ಹಿ ಗೋ ಟು ಮೈಸೂರ್ ಯೆಸ್ಟರ್‌ಡೇ’ ಅನ್ನುತ್ತೆ, ನಾನು ‘ಓ, ಹಿ ವೆಂಟ್ ಟು ಮೈಸೂರ್?’ ಅಂತೀನಿ, ಅದು ಖುಷಿಯಾಗಿ ‘ಎಸ್ ಮಿಸ್’ ಅಂತ ಕೂತ್ಕೊಳುತ್ತೆ. ಅದಕ್ಕೆ ಗೊತ್ತಾಯ್ತಾ ನಾನು ತಿದ್ದಿದೆ ಅಂತ?

ನಂಜನಗೂಡು ನಿವೃತ್ತ ಟೀಚರ್:
ಗೊತ್ತಾಗಲ್ಲ ಕಣಮ್ಮ. ನೀನು ಮಾತಿಗೆ ಸಿಕ್ದೆ ಅಂತ ಅದಕ್ಕೆ ಖುಷಿ. ಮೇಲೆ ಹೇಳಿದ್ನಲ್ಲ, ಕೆನಡಾದ ಆ ಇಮ್ಮರ್ಷನ್ ಥರದ ಕ್ಲಾಸುಗಳನ್ನ ರೆಕಾರ್ಡ್ ಮಾಡಿ ಲಿಸ್ಟರ್, ರಾಂಟಾ ಅನ್ನೋರು 1997ರಲ್ಲಿ ಬರೆದಿದ್ರು, ಮೇಷ್ಟ್ರುಗಳು ಅತಿ ಹೆಚ್ಚು ಬಳಸೋದು ಇದೇ ದಾರಿ, ಮಕ್ಳು ತಿರುಗಿ ಗಮನ ಕೊಡೋದು ಅತಿ ಕಡಿಮೆ ಇದಕ್ಕೇ ಅಂತ. ಮಗು ಕೈಲೇ ತಿದ್ದಿಸು. ‘ಯೆಸ್ಟರ್‌ಡೇ... ಹಿ...?’ ಅಂತ ನಿಲ್ಲಿಸಿ ಅದರ ಮುಖ ನೋಡು. ಹತ್ರಕ್ಕೆ ಎರಡ್ ಹೆಜ್ಜೆ ಹೋಗಿ ಕೇಳು, ಇಡೀ ಕ್ಲಾಸ್ ಕಡೆ ತಿರುಗಿ ಕೇಳ್ಬೇಡ, ಹೈಸ್ಕೂಲ್ ಹುಡುಗ್ರಿಗೆ ಮಾನದ ಪ್ರಶ್ನೆ. ಒಂದು ಪೀರಿಯಡ್‌ಗೆ ಒಂದೇ ಥರದ ತಪ್ಪು ಹಿಡಿ. ಇವತ್ತು ಭೂತಕಾಲ ಅಂದ್ರೆ ಭೂತಕಾಲ ಅಷ್ಟೇ, ಆರ್ಟಿಕಲ್ ಕಡೆ ಕಣ್ಣು ಹಾಯಿಸ್ಬೇಡ. ಅರವತ್ತು ಮಕ್ಳ ಕ್ಲಾಸಲ್ಲಿ ಇದಕ್ಕಿಂತ ಜಾಸ್ತಿ ಆಗೋದೂ ಇಲ್ಲ.

ಬಿ.ಎಡ್ ಎರಡನೇ ವರ್ಷ:
ಥ್ಯಾಂಕ್ಯೂ ಟೀಚರ್. ಇದನ್ನ ಅಬ್ಸರ್ವರ್‌ಗೆ ಹೆಂಗ್ ಹೇಳ್ಲಿ ಅಂತ ಯೋಚ್ನೆ 😬

ಪಾಂಡವಪುರ ಮೇಷ್ಟ್ರು:
ಸರಿ, ನಾನು ಒಂಬತ್ತನೇ ಕ್ಲಾಸಿಗೆ ಹಿಂಗೆ ಯೋಚಿಸ್ದೆ, ನೋಡಿ ಹೇಳಿ. ಪ್ರಶ್ನೆ ಕೇಳೋದು. ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡ್ ವಿಚಾರಣೆ ಕೌಂಟರ್, ಅರ್ಧ ಮಕ್ಳ ಹತ್ರ ಬಸ್ಸಿನ ಸಮಯದ ಚೀಟಿ, ಇನ್ನರ್ಧ ಪ್ರಯಾಣಿಕರು, ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆಗೆ ಹೋಗ್ಬೇಕು. ಪ್ರಭು ಅವ್ರ ಥರ ಮೊದ್ಲು ನಾನೇ ಕೌಂಟರಲ್ಲಿ ಕೂತು ಇಡೀ ಕ್ಲಾಸ್ ಜೊತೆ ಒಂದ್ಸಲ ಮಾಡ್ತೀನಿ. ಅವ್ರು ‘ಬಸ್ ವಿಚ್ ಟೈಮ್ ಕಮಿಂಗ್’ ಅಂತ ಶುರು ಹಚ್ಕೋತಾರೆ, ಗ್ಯಾರಂಟಿ. ಸ್ವಲ್ಪ ಹೊತ್ತು ಬಿಟ್ಟು ನಿಲ್ಸಿ, ಅವ್ರದ್ದೇ ನಾಲ್ಕು ಪ್ರಶ್ನೆ ಬೋರ್ಡ್ ಮೇಲೆ ಬರ್ದು, ಡಸ್ ಎಲ್ಲಿ ನಿಲ್ಲುತ್ತೆ ಅಂತ ಕನ್ನಡದಲ್ಲಿ ಹೇಳಿ, ಮತ್ತೆ ಆಟಕ್ಕೆ ಬಿಡೋದು. ಜಾಗ ಅದಲು ಬದಲು.

ಮಳವಳ್ಳಿ ಇಂಗ್ಲಿಷ್ ಮಿಸ್:
ಚೆನ್ನಾಗಿದೆ ಸರ್. ಒಂದೇ ಮಾತು, ಪ್ರಯಾಣಿಕರಿಗೆ ಒಂದು ಷರತ್ತು ಕೊಡಿ, ಸಂಜೆ ಐದರೊಳಗೆ ಊರು ಸೇರ್ಬೇಕು, ಅಥ್ವಾ ಅಜ್ಜಿ ಜೊತೆಗಿದಾರೆ ಬಸ್ ಬದಲಾಯ್ಸೋಕಾಗಲ್ಲ, ಹಿಂಗೆ. ಇಲ್ಲಾಂದ್ರೆ ‘ನಾಗಮಂಗಲ?’ ಅಂತ ಒಂದೇ ಪದದಲ್ಲಿ ಕೆಲಸ ಮುಗ್ಸ್ಕೊಂಡ್ ಹೋಗ್ತಾರೆ, ನಮ್ ಮಕ್ಳು ಬಲೇ ಜಾಣರು. ‘ಡಸ್ ಇಟ್ ಸ್ಟಾಪ್ ಅಟ್ ಪಾಂಡವಪುರ?’ ಅಂತ ಕೇಳ್ದೆ ದಾರೀನೇ ಇರ್ಬಾರ್ದು.

ಹೆಬ್ಬಾಳ ರಿಂಗ್ ರೋಡ್:
ಮೇಷ್ಟ್ರೇ ಕೌಂಟರಲ್ಲಿ ಕೂತೋನು ಸ್ವಲ್ಪ ಸಿಡುಕನಾಗಿರ್ಲಿ, ನಿಜವಾದ ಕೌಂಟರ್ ಥರ. ಬಿಡಿಬಿಡಿಯಾಗಿ ಕೇಳಿದ್ರೆ ಮಾತ್ರ ಉತ್ತರ.

ಮದ್ದೂರು ವಡೆ:
ಮದ್ದೂರ್ ಸ್ಟಾಪು ಕೊಡ್ರಪ್ಪ ಆ ಚೀಟೀಲಿ.

ಕುವೆಂಪುನಗರ ಟ್ಯೂಷನ್:
ಮಿಸ್, ಆ ಆಲೆಮನೆ ಪಾಠದ ವರ್ಕ್‌ಶೀಟ್ ಇದ್ರೆ ಇಲ್ಲೇ ಹಾಕಿ, ನಮ್ ಬ್ಯಾಚಿಗೂ ಬೇಕು. ಕೊನೇಲಿ ವಾಯ್ಸ್ ಬದಲಾಯ್ಸೋಕೆ ಹತ್ತು ವಾಕ್ಯ ಸೇರ್ಸಿ, ಪೇಪರಲ್ಲಿ ಬರೋದು ಆ ರೂಪದಲ್ಲೇ.

ಮಳವಳ್ಳಿ ಇಂಗ್ಲಿಷ್ ಮಿಸ್:
ಭಾನುವಾರ ಹಾಕ್ತೀನಿ ಸರ್. ಹತ್ತು ವಾಕ್ಯ ನೀವೇ ಸೇರಿಸ್ಕೊಳಿ, ಆದ್ರೆ ಬೆಲ್ಲದ ಚೀಟಿ ಬರ್ಸಿದ್ಮೇಲೆ ಕೊಡಿ, ಮುಂಚೆ ಬೇಡ.

ಕುವೆಂಪುನಗರ ಟ್ಯೂಷನ್:
ಐದು ಮುಂಚೆ, ಐದು ಆಮೇಲೆ.